ಬೆಂಗಳೂರಲ್ಲಿ ಮನೆ ಮಾರೋಕೆ ಮುಂಚೆ: ಯಾವ ಕೆಲಸ ಮೊದ್ಲು, ಯಾವ್ದು ಆಮೇಲೆ

"ಮನೆ ಮಾರ್ಬೇಕು ಅಂತಿದೀವಿ, ಪೇಂಟ್ ಮಾಡ್ಸೋದಾ ಬೇಡ್ವಾ?" ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೇ ಒಂದೇ ಕಡೆ ಎಲ್ಲಾ ಬರೆದುಬಿಡೋಣ ಅಂತ ಕೂತಿದೀನಿ. ಪೇಂಟ್ ವಿಷಯ ಆಮೇಲೆ ನೋಡೋಣ, ಮೊದ್ಲು ಬೀರು ಬಾಗಿಲು ತೆಗೆದು ಕಾಗದ ಪತ್ರದ ಫೈಲ್ ಈಚೆ ತೆಗೀರಿ. ನಮ್ಮೂರಲ್ಲಿ ಮನೆ ಇಷ್ಟ ಆಗಿ, ರೇಟು ಕುದುರಿ, ಅಡ್ವಾನ್ಸ್ ಕೊಡೋ ಹೊತ್ತಿಗೆ ವ್ಯಾಪಾರ ಮುರಿದುಬಿದ್ರೆ ಬಹುತೇಕ ಅದಕ್ಕೆ ಕಾರಣ ಯಾವುದೋ ಒಂದು ಪತ್ರ ಇಲ್ದೇ ಇರೋದು, ಇಲ್ಲಾ ಹೆಸರು ಹೊಂದದೇ ಇರೋದು. ಗೋಡೆ ಬಣ್ಣ ವಾರದಲ್ಲಿ ಸರಿ ಹೋಗತ್ತೆ, ಪತ್ರ ತಿದ್ಸೋಕೆ ತಿಂಗಳುಗಟ್ಲೆ ಬೇಕು. ಹಾಗಾಗಿ ಆರು ತಿಂಗಳ ಮುಂಚೇನೇ ಶುರು ಮಾಡಿದ್ರೆ ನೆಮ್ಮದಿ.

1. ಯಾರಿಗೆ ಮಾರ್ತೀರಿ ಅಂತ ಮೊದ್ಲು ತಿಳ್ಕೊಳ್ಳಿ

ಎರಡು ಥರದ ಪಾರ್ಟಿ ಬರ್ತಾರೆ. ಒಬ್ರು ವಾಸಕ್ಕೆ ಮನೆ ಹುಡುಕೋರು. ಇನ್ನೊಬ್ರು ಸೈಟಿಗೋಸ್ಕರ ಬರೋರು, ಹಳೇ ಮನೆ ಕೆಡವಿ ಹೊಸದಾಗಿ ಮೂರು ನಾಲ್ಕು ಫ್ಲೋರ್ ಎಬ್ಬಿಸೋರು. ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರದ ಕಡೆ ನಲವತ್ತು ಐವತ್ತು ವರ್ಷದ ಮನೆ ಆಗಿದ್ರೆ ನಿಮ್ಗೆ ಎರಡನೇ ಥರದೋರೇ ಸಿಗೋ ಸಾಧ್ಯತೆ ಜಾಸ್ತಿ, ಅವ್ರಿಗೆ ನಿಮ್ಮ ಅಡುಗೆಮನೆ ಟೈಲ್ಸ್ ಕಟ್ಕೊಂಡು ಏನಾಗ್ಬೇಕು, ಅವ್ರು ನೋಡೋದು ಸೈಟಿನ ಅಳತೆ, ರಸ್ತೆ ಅಗಲ, ಕಾರ್ನರ್ರಾ ಅಲ್ವಾ, ಖಾತಾ (ಪಾಲಿಕೆಯ ಆಸ್ತಿ ದಾಖಲೆ, 3ನೇ ಹಂತದಲ್ಲಿ ಹೇಳ್ತೀನಿ) ಯಾವುದು ಅಷ್ಟೇ. ಅಂಥ ಮನೆಗೆ ಮೂರ್ನಾಲ್ಕು ಲಕ್ಷ ಸುರಿದು ರಿಪೇರಿ ಮಾಡ್ಸಿದ್ರೆ ಆ ದುಡ್ಡು ವಾಪಸ್ ಬರಲ್ಲ. ನಿಮ್ಮ ಬೀದೀಲಿ ಈಚೆಗೆ ಮಾರಾಟ ಆದ ಮನೆಗಳು ಏನಾದ್ವು ನೋಡಿ, ಉಳ್ಕೊಂಡಿದ್ಯಾ ಕೆಡವಿದ್ರಾ ಅಂತ, ಉತ್ತರ ಅಲ್ಲೇ ಸಿಗತ್ತೆ. ಸೈಟಿಗೆ ಬರೋ ಪಾರ್ಟಿ ಅಂತ ಖಾತ್ರಿ ಆದ್ರೆ ಕೆಳಗಿನ 6 ಮತ್ತು 7ನೇ ಹಂತ ಬಿಟ್ಬಿಡಿ, ಕಸ ಕಡ್ಡಿ ಖಾಲಿ ಮಾಡಿ ಸೈಟಿನ ನಾಲ್ಕೂ ಮೂಲೆ ಕಾಣೋ ಹಾಗೆ ಇಟ್ರೆ ಸಾಕು.

2. ಪತ್ರಗಳನ್ನ ಜೋಡಿಸ್ಕೊಳ್ಳಿ

ಏನೇನು ಇರ್ಬೇಕು ಅಂತ ಹೇಳ್ತೀನಿ.

ಕ್ರಯಪತ್ರ, ಅಂದ್ರೆ ನಿಮ್ಮ ಹೆಸರಿಗೆ ರಿಜಿಸ್ಟರ್ ಆದ ಸೇಲ್ ಡೀಡ್, ಒರಿಜಿನಲ್ಲೇ ಬೇಕು. ಮೂಲಪತ್ರ ಅಂದ್ರೆ ನಿಮಗಿಂತ ಹಿಂದೆ ಆ ಜಾಗ ಯಾರಿಂದ ಯಾರಿಗೆ ಬಂತು ಅನ್ನೋ ಸರಪಳಿ, ಲಾಯರ್‌ಗಳು ಇದನ್ನ ಮದರ್ ಡೀಡ್ ಅಂತಾರೆ, ಕೊಳ್ಳೋರ ಬ್ಯಾಂಕಿನ ಲಾಯರ್ ಸಾಮಾನ್ಯವಾಗಿ 30 ವರ್ಷದ್ದು ಕೇಳ್ತಾರೆ. ಮಧ್ಯ ಒಂದು ಕೊಂಡಿ ತಪ್ಪಿದ್ರೂ ಅಲ್ಲೇ ನಿಂತು ಹೋಗತ್ತೆ.

ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿದ ಸೈಟಾದ್ರೆ ಅಲಾಟ್‌ಮೆಂಟ್ ಲೆಟರ್, ಲೀಸ್ ಕಮ್ ಸೇಲ್ ಅಗ್ರಿಮೆಂಟ್ (ಮೊದ್ಲು ಲೀಸಿಗೆ ಕೊಟ್ಟು ಆಮೇಲೆ ಮಾರೋ ಕರಾರು), ಪೊಸೆಷನ್ ಸರ್ಟಿಫಿಕೇಟು, ಆಮೇಲೆ ಬಿಡಿಎ ಮಾಡ್ಕೊಟ್ಟ ಶುದ್ಧ ಕ್ರಯಪತ್ರ. ಈ ಕೊನೇದನ್ನ ಮಾಡ್ಸ್ಕೊಳ್ಳದೇ ಹಾಗೇ ಬಿಟ್ಟಿರೋರು ಇದಾರೆ, ಲೀಸ್ ಪೀರಿಯಡ್ ಮುಗಿದು ಎಷ್ಟೋ ವರ್ಷ ಆಗಿರತ್ತೆ, ಯಾರೂ ತಲೆ ಕೆಡಿಸ್ಕೊಂಡಿರಲ್ಲ. ನಿಮ್ದೂ ಹಾಗೇ ಇದ್ರೆ ನಾಳೆನೇ ಬಿಡಿಎಗೆ ಹೋಗಿ ವಿಚಾರಿಸಿ. ಮೊದ್ಲು ಹೊಲ ಆಗಿದ್ದ ಜಾಗ ಆದ್ರೆ ಭೂಪರಿವರ್ತನೆ ಆದೇಶ, ಅಂದ್ರೆ ವ್ಯವಸಾಯದ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸಿದ ಡಿಸಿ ಕನ್ವರ್ಶನ್ ಆರ್ಡರು.

ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿ ಮೇಲೆ ಯಾವ್ಯಾವ ರಿಜಿಸ್ಟ್ರೇಶನ್ ಆಗಿದೆ, ಅಡಮಾನ ಇದ್ಯಾ ಅಂತ ತೋರ್ಸೋ ಕಾಗದ. ವ್ಯವಹಾರ ನಡೆದಿದ್ರೆ ಫಾರಂ 15, ಏನೂ ಇಲ್ದಿದ್ರೆ ಫಾರಂ 16 ಬರತ್ತೆ. 2004ರಿಂದ ಈಚೇದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ಸಿಗತ್ತೆ, ಅದಕ್ಕೂ ಹಳೇದು ಬೇಕಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಹಾಕ್ಬೇಕು.

ಇದ್ರ ಜೊತೆಗೆ ಕಂದಾಯ ಕಟ್ಟಿದ ರಸೀದಿಗಳು, ಮಂಜೂರಾದ ಪ್ಲಾನು, ಕರೆಂಟ್ ಬಿಲ್ಲು, ನೀರಿನ ಬಿಲ್ಲು. ಅಪಾರ್ಟ್‌ಮೆಂಟ್ ಆದ್ರೆ ಓಸಿ, ಅಂದ್ರೆ ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡ್ಬಹುದು ಅಂತ ಪಾಲಿಕೆ ಕೊಡೋ ಪತ್ರ, ಮತ್ತೆ ಅಸೋಸಿಯೇಶನ್‌ನಿಂದ ಬಾಕಿ ಇಲ್ಲ ಅನ್ನೋ ಎನ್‌ಒಸಿ.

ಈಗ ಮುಖ್ಯವಾದ ಕೆಲಸ. ಎಲ್ಲಾ ಪತ್ರನೂ ಊಟದ ಟೇಬಲ್ ಮೇಲೆ ಹರಡಿ, ಒಂದು ಪೆನ್ಸಿಲ್ ಹಿಡ್ಕೊಂಡು ಮೂರು ವಿಷಯ ಸಾಲಾಗಿ ತಾಳೆ ನೋಡಿ. ಹೆಸರು, ಅಳತೆ, ಚೆಕ್ಕುಬಂದಿ. ಕ್ರಯಪತ್ರದಲ್ಲಿ ಲಕ್ಷ್ಮೀದೇವಮ್ಮ ಅಂತಿರತ್ತೆ, ಖಾತಾದಲ್ಲಿ ಲಕ್ಷ್ಮಮ್ಮ, ಆಧಾರಲ್ಲಿ ಲಕ್ಷ್ಮೀದೇವಿ, ಮನೆಯವ್ರಿಗೆ ಮೂರೂ ಒಬ್ರೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ವಲ್ಲ. ಅಳತೆ ಕ್ರಯಪತ್ರದಲ್ಲಿ 30×40 ಅಂತಿದ್ದು ಟೇಪ್ ಹಿಡಿದ್ರೆ ಒಂದು ಕಡೆ ಅರ್ಧ ಅಡಿ ಕಮ್ಮಿ ಬರಬಹುದು. ಚೆಕ್ಕುಬಂದಿ ಅಂದ್ರೆ ಸೈಟಿನ ನಾಲ್ಕೂ ದಿಕ್ಕಿಗೆ ಏನಿದೆ ಅನ್ನೋ ವಿವರ, ಅದ್ರಲ್ಲಿ ಪೂರ್ವ ಪಶ್ಚಿಮ ಅದಲು ಬದಲಾಗಿ ಟೈಪ್ ಆಗಿರೋ ಪತ್ರಗಳೂ ಇರ್ತವೆ. ಇಂಥ ತಪ್ಪಿಗೆ ತಿದ್ದುಪಡಿ ಪತ್ರ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ನಿಮಗೆ ಮಾರಿದೋರೂ ಬಂದು ಸಹಿ ಹಾಕ್ಬೇಕು. ಅವ್ರು ತೀರ್ಕೊಂಡಿದ್ರೆ ಅವ್ರ ಮಕ್ಕಳನ್ನೆಲ್ಲಾ ಹುಡುಕ್ಬೇಕು, ಅದಕ್ಕೇ ಬೇಗ ನೋಡಿ ಅಂತ ಒತ್ತಿ ಒತ್ತಿ ಹೇಳೋದು.

ಒರಿಜಿನಲ್ ಕಳೆದುಹೋಗಿದ್ರೆ ಮುಚ್ಚಿಡಬೇಡಿ. ಪೊಲೀಸ್ ಕಂಪ್ಲೇಂಟ್ ಕೊಟ್ಟು, ಪೇಪರಲ್ಲಿ ಪ್ರಕಟಣೆ ಹಾಕ್ಸಿ, ಸಬ್ ರಿಜಿಸ್ಟ್ರಾರ್ ಆಫೀಸಿಂದ ದೃಢೀಕೃತ ನಕಲು ತಗೊಳ್ಳಿ, ಮೂರನ್ನೂ ಒಟ್ಟಿಗೆ ಫೈಲಲ್ಲಿಡಿ.

3. ಇ-ಖಾತಾ ಮಾಡ್ಸಿ

ಖಾತಾ ಅಂದ್ರೆ ಪಾಲಿಕೆ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ದಾಖಲೆ, ಕಂದಾಯ ವಸೂಲಿಗೆ ಇರೋದು. ಖಾತಾ ಇದ್ರೆ ಒಡೆತನ ಸಿಕ್ಕಂಗೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಹಂಗಿಲ್ಲ, ಒಡೆತನ ಕ್ರಯಪತ್ರದಿಂದ ಬರತ್ತೆ. ಆದ್ರೆ 2024ರ ಅಕ್ಟೋಬರಿಂದ ಬೆಂಗಳೂರು ಪಾಲಿಕೆ ವ್ಯಾಪ್ತೀಲಿ ಇ-ಖಾತಾ, ಅಂದ್ರೆ ಖಾತಾದ ಆನ್‌ಲೈನ್ ರೂಪ, ಇಲ್ದೆ ಕ್ರಯಪತ್ರ ರಿಜಿಸ್ಟರ್ ಆಗಲ್ಲ, ಹಾಗಾಗಿ ಇದಿಲ್ದೆ ಮುಂದಕ್ಕೆ ಹೋಗೋ ಹಾಗೇ ಇಲ್ಲ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದ್ರ ಕೆಳಗೆ ಐದು ಪಾಲಿಕೆ ಆದ್ವು, ನಿಮ್ಮ ವಾರ್ಡ್ ಈಗ ಯಾವುದಕ್ಕೆ ಸೇರಿದೆ ಅಂತ ಒಂದ್ಸಲ ಖಾತ್ರಿ ಮಾಡ್ಕೊಳ್ಳಿ.

ಅರ್ಜಿ ಆನ್‌ಲೈನಲ್ಲೇ. ಮೊದ್ಲು ಕರಡು ಇ-ಖಾತಾ ಹುಡುಕಿ, ಅದ್ರಲ್ಲಿರೋ ವಿವರ ಸರಿ ಇದ್ಯಾ ನೋಡಿ. ಆಮೇಲೆ ಮಾಲೀಕರ ಆಧಾರ್ ದೃಢೀಕರಣ, ಕ್ರಯಪತ್ರದ ನಂಬರು, ಇಸಿ, ಕಂದಾಯದ ಅರ್ಜಿ ನಂಬರು, ಬೆಸ್ಕಾಂ ಅಕೌಂಟ್ ಐಡಿ, ಮನೆ ಫೋಟೋ ಕೊಡ್ಬೇಕು. ಮಾಲೀಕರು ಇಬ್ರಿದ್ರೆ ಇಬ್ರದೂ ಆಧಾರ್ ಬೇಕು, ಓಟಿಪಿ ಬರೋ ಮೊಬೈಲ್ ನಂಬರ್ ಚಾಲ್ತೀಲಿರ್ಬೇಕು. ವಯಸ್ಸಾದೋರ ಆಧಾರಿಗೆ ಯಾವ್ದೋ ಹಳೇ ನಂಬರ್ ಲಿಂಕ್ ಆಗಿರತ್ತೆ, ಅದೊಂದಕ್ಕೇ ಕೆಲಸ ಕೂತ್ಬಿಡತ್ತೆ, ಮೊದ್ಲೇ ಅಪ್‌ಡೇಟ್ ಮಾಡ್ಸಿ.

ಎ ಖಾತಾ, ಬಿ ಖಾತಾ ವ್ಯತ್ಯಾಸ ಕೇಳೋರಿಗೆ: ಲೇಔಟು, ಭೂಪರಿವರ್ತನೆ, ಪ್ಲಾನು ಎಲ್ಲಾ ಕಾನೂನು ಪ್ರಕಾರ ಇರೋ ಆಸ್ತಿಗೆ ಎ, ಯಾವ್ದಾದ್ರೂ ಕೊರತೆ ಇರೋದಕ್ಕೆ ಕಂದಾಯ ಮಾತ್ರ ಕಟ್ಟಿಸ್ಕೊಂಡು ಬೇರೆ ರಿಜಿಸ್ಟರಲ್ಲಿ ಬರೆದಿಟ್ಟಿದ್ದು ಬಿ. ಬಿ ಖಾತಾ ಮನೆಗೆ ಬಹಳಷ್ಟು ಬ್ಯಾಂಕು ಸಾಲ ಕೊಡಲ್ಲ, ಹಾಗಾಗಿ ಕೊಳ್ಳೋರೂ ಕಮ್ಮಿ, ರೇಟೂ ಕಮ್ಮಿ. ಬಿ ಖಾತಾ ಸೈಟುಗಳನ್ನ ಶುಲ್ಕ ಕಟ್ಟಿಸ್ಕೊಂಡು ಎ ಖಾತಾ ಮಾಡೋ ವ್ಯವಸ್ಥೆ 2025ರಲ್ಲಿ ಶುರುವಾಗಿದೆ, ಶುಲ್ಕದ ಲೆಕ್ಕ ಗೈಡೆನ್ಸ್ ವ್ಯಾಲ್ಯೂ ಮೇಲೆ, ಅಂದ್ರೆ ಆ ಏರಿಯಾಗೆ ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಬೆಲೆ ಮೇಲೆ. ನಿಮ್ದು ಅದಕ್ಕೆ ಬರತ್ತಾ, ಬಂದ್ರೆ ಆ ಶುಲ್ಕ ಕಟ್ಟಿ ಮಾರೋದು ಲಾಭವಾ ಅಂತ ಕೂತು ಲೆಕ್ಕ ಹಾಕಿ. ಬಿ ಖಾತಾನ "ಎ ಥರಾನೇ" ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಕೊಳ್ಳೋರು ಜೀವಮಾನದ ದುಡ್ಡು ತಂದು ಸುರೀತಾರೆ.

ಪಂಚಾಯ್ತಿ ವ್ಯಾಪ್ತೀಲಿದ್ರೆ ಇ-ಸ್ವತ್ತು, ಅಂದ್ರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ ನಮೂನೆ 9 ಮತ್ತು 11 ಬೇಕಾಗತ್ತೆ.

4. ಸಾಲ ಇದ್ರೆ, ತೀರಿದ್ರೂ

ಸಾಲ ಇನ್ನೂ ನಡೀತಿದ್ರೆ ಬ್ಯಾಂಕಿಂದ ಬಾಕಿ ಎಷ್ಟಿದೆ, ಯಾವ್ಯಾವ ಪತ್ರ ಅವ್ರ ಹತ್ರ ಇದೆ ಅಂತ ಎರಡೂ ಬರವಣಿಗೇಲಿ ತಗೊಳ್ಳಿ, ಕೊಳ್ಳೋರಿಗೆ ಮೊದಲನೇ ದಿನಾನೇ ಹೇಳ್ಬಿಡಿ. ತೀರಿದ್ರೆ ಕೆಲಸ ಮುಗೀತು ಅನ್ಕೋಬೇಡಿ. ಸಾಲ ತಗೊಂಡಾಗ ಪತ್ರ ಒತ್ತೆ ಇಟ್ಟಿದ್ದು ರಿಜಿಸ್ಟರ್ ಆಗಿದ್ರೆ ಅದು ಇಸಿಲಿ ಕಾಣ್ತಾನೇ ಇರತ್ತೆ, ತೀರಿದ್ದಕ್ಕೂ ಒಂದು ಋಣಮುಕ್ತಿ ಪತ್ರ ರಿಜಿಸ್ಟರ್ ಮಾಡ್ಸಿದ್ರೇನೇ ಇಸಿ ಕ್ಲಿಯರ್ ಆಗೋದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಒರಿಜಿನಲ್ ಪತ್ರ ವಾಪಸ್ ಕೊಡ್ಬೇಕು, ತಪ್ಪು ಬ್ಯಾಂಕಿಂದೇ ಆಗಿ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, 2023ರ ಡಿಸೆಂಬರಿಂದ ಜಾರಿ. ಇದನ್ನ ಹೇಳಿ ಕೇಳಿ, ಹಿಂಜರೀಬೇಡಿ.

5. ಯಾರ್ಯಾರ ಸಹಿ ಬೇಕು

ಅಪ್ಪ ಕಟ್ಸಿದ ಮನೆ, ಅಪ್ಪ ಈಗಿಲ್ಲ, ವಿಲ್ ಬರೆದಿಲ್ಲ ಅಂದ್ರೆ ಅಮ್ಮ, ಎಲ್ಲಾ ಗಂಡುಮಕ್ಕಳು, ಎಲ್ಲಾ ಹೆಣ್ಣುಮಕ್ಕಳು, ಎಲ್ರ ಸಹಿನೂ ಬೇಕು. ಮದುವೆ ಆಗಿ ಹೋಗಿರೋ ಅಕ್ಕ ತಂಗೀರದ್ದು ಬೇಡ ಅನ್ನೋ ಮಾತು ಈಗಲೂ ಕೇಳ್ತೀನಿ, ಅದು ತಪ್ಪು. ಪಿತ್ರಾರ್ಜಿತ ಆಸ್ತೀಲಿ ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಬಂತು, ಆಮೇಲೆ 2005ರ ತಿದ್ದುಪಡಿಯಿಂದ ಇಡೀ ದೇಶಕ್ಕೇ ಆಯ್ತು. ಅಪ್ಪನ ಸ್ವಯಾರ್ಜಿತ ಆದ್ರೂ ವಿಲ್ ಇಲ್ದಿದ್ರೆ ಅವ್ರಿಗೆ ಸಮಪಾಲು. ಸಹಿ ಬಿಟ್ಟು ಮಾರಿದ್ರೆ ನಾಳೆ ಕೇಸು, ಅದು ಕೊಂಡೋರ ಕುತ್ತಿಗೆಗೂ ಬರತ್ತೆ.

ಮನೆಯವ್ರೆಲ್ಲಾ ಕೂತು ಮಾತಾಡಿ, ವಂಶವೃಕ್ಷ ನಾಡಕಚೇರೀಲಿ ಅರ್ಜಿ ಹಾಕಿ ತಗೊಳ್ಳಿ. ಯಾರಾದ್ರೂ ಪಾಲು ಬೇಡ ಅಂದ್ರೆ ಬಾಯಿಮಾತು ಸಾಲಲ್ಲ, ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗ್ಬೇಕು. ಮಗ ಅಮೆರಿಕಾದಲ್ಲಿದ್ರೆ ಅಲ್ಲಿಯ ಭಾರತೀಯ ಕಾನ್ಸುಲೇಟಲ್ಲಿ ಅಧಿಕಾರ ಪತ್ರ, ಅಂದ್ರೆ ಪವರ್ ಆಫ್ ಅಟಾರ್ನಿ ಮಾಡ್ಸಿ ಕಳಿಸ್ಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಡ್ಯೂಟಿ ಕಟ್ಸ್ಬೇಕು. ಈ ಮೂರು ತಿಂಗಳು ದಾಟಿಸಿ ಒದ್ದಾಡೋರು ಇದಾರೆ.

6. ನೀರು ಸೋರೋದನ್ನ ನಿಲ್ಲಿಸಿ

ಈಗ ಮನೆ ಒಳಕ್ಕೆ ಬರೋಣ. ಮನೆ ನೋಡೋಕೆ ಬರೋ ಹಿರಿಯರನ್ನ ಗಮನಿಸಿ. ಹಾಲಲ್ಲಿ ಕೂತ್ಕೊಳ್ಳೋಕೆ ಮುಂಚೆ ತಲೆ ಎತ್ತಿ ಸೀಲಿಂಗ್ ಮೂಲೆ ನೋಡ್ತಾರೆ. ಬಾತ್‌ರೂಮಿನ ಹಿಂದಿನ ಗೋಡೆ ಯಾವ ರೂಮಲ್ಲಿದೆ ಅಂತ ಅಂದಾಜು ಮಾಡಿ ಅಲ್ಲಿ ಅಂಗೈ ಇಡ್ತಾರೆ, ತಣ್ಣಗಿದ್ರೆ ಬೆರಳ ಗೆಣ್ಣಲ್ಲಿ ತಟ್ತಾರೆ, ಪ್ಲಾಸ್ಟರ್ ಟೊಳ್ಳಾಗಿದ್ರೆ ಸದ್ದಲ್ಲೇ ಗೊತ್ತಾಗತ್ತೆ. ಬೀರು ಇಟ್ಟು ಮರೆ ಮಾಡಿದೋರ ಮನೇಲಿ ಬೀರು ಪಕ್ಕಕ್ಕೇ ಹೋಗಿ ಬಗ್ಗಿ ನೋಡ್ತಾರೆ. ಆಮೇಲೆ ಟೆರೇಸಿಗೆ ಹತ್ತಿ, ಸಂಪಿನ ಮುಚ್ಚಳ ತೆಗ್ಸಿ ನೋಡ್ತಾರೆ. ನೀವು ಕೂಡ ಇದೇ ದಾರೀಲಿ ನಿಮ್ಮ ಮನೆ ಒಂದ್ಸಲ ಸುತ್ತಿ ಬನ್ನಿ, ಕೊಳ್ಳೋಕೆ ಬಂದಿರೋ ಹಾಗೇ.

ಟೆರೇಸ್ ಪರೀಕ್ಷೆ ಹೀಗೆ: ನೀರು ಹೋಗೋ ತೂತಿಗೆಲ್ಲಾ ಬಟ್ಟೆ ಗಿಡಿದು, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ಪೂರ್ತಿ ದಿನ ಬಿಟ್ಟು ಕೆಳಗೆ ಸೀಲಿಂಗ್ ನೋಡಿ. ಹಸಿ ಕಾಣಿಸಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಸ್ತ್ರಿಗೆ ತೋರ್ಸೋಕೆ ಸುಲಭ. ಸಾಮಾನ್ಯವಾಗಿ ತೊಂದ್ರೆ ಇರೋದು ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರೋ ಕಡೆ, ಪೈಪ್ ಸುತ್ತ, ಟ್ಯಾಂಕ್ ಕೆಳಗೆ. ವಾಟರ್‌ಪ್ರೂಫಿಂಗ್ ಕೋಟಿಂಗ್ ಒಣ ನೆಲಕ್ಕೇ ಹಿಡಿಯೋದು, ಹಾಗಾಗಿ ಜನವರಿಯಿಂದ ಮಾರ್ಚೊಳಗೆ, ಮಾವಿನ ಮಳೆ ಶುರುವಾಗೋಕೆ ಮುಂಚೆ ಮುಗಿಸ್ಕೊಳ್ಳಿ. ಬಾತ್‌ರೂಮಿಂದ ಸೋರ್ತಿದ್ರೆ ಮೊದ್ಲು ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ಹಾಕ್ಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲತ್ತೆ, ನೆಲ ಒಡೆಯೋದು ಕೊನೇ ದಾರಿ.

ಅಪಾಯ ಇರೋದು ಎಲ್ಲಿ ಅಂದ್ರೆ, ತೇವ ಇರೋ ಗೋಡೆಗೆ ಹಾಗೇ ಪುಟ್ಟಿ ಹೊಡ್ಸಿ ಬಣ್ಣ ಬಳಿಯೋದು. ಎರಡು ತಿಂಗಳಲ್ಲಿ ಗುಳ್ಳೆ ಎದ್ದು ಉದುರತ್ತೆ, ಅಷ್ಟರಲ್ಲಿ ಮನೆ ಮಾರಾಟ ಆಗಿರ್ದಿದ್ರೆ ದುಡ್ಡು ದಂಡ, ಆಗಿದ್ರೆ ಕೊಂಡೋರಿಗೆ ಮೋಸ.

ನೀರಿನ ವಿಷಯ ಬಂದಾಗ ಇದೂ ಹೇಳ್ಬೇಕು. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತಿದ್ದು ಯಾರಿಗೂ ಮರೆತಿಲ್ಲ, ಈಗ ಬರೋರು ಕೇಳೋ ಮೊದಲನೇ ಪ್ರಶ್ನೆನೇ ಕಾವೇರಿ ನೀರು ಇದ್ಯಾ ಅಂತ. ಕನೆಕ್ಷನ್ ಇದ್ರೆ ಬಿಲ್ ಕೈಗೆ ಸಿಗೋ ಹಾಗಿಡಿ, ವಾರದಲ್ಲಿ ಯಾವ್ಯಾವ ದಿನ ಬರತ್ತೆ, ಸಂಪು ಎಷ್ಟು ಲೀಟರ್ ಹಿಡಿಯತ್ತೆ ಅಂತ ಬರೆದಿಟ್ಕೊಳ್ಳಿ. ಹೊರವಲಯದ 110 ಹಳ್ಳಿ ಏರಿಯಾಗಳಿಗೆ ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಚಾಲೂ ಆಗಿದೆ, ನಿಮ್ಮ ಬೀದಿಗೆ ಪೈಪ್ ಬಂದಿದ್ರೆ ಮಾರೋಕೆ ಮುಂಚೆ ಕನೆಕ್ಷನ್ ತಗೊಳ್ಳೋದು ಒಳ್ಳೇದು, ಅದಕ್ಕೆ ಹಾಕಿದ ದುಡ್ಡು ಖಂಡಿತ ರೇಟಲ್ಲಿ ಕಾಣತ್ತೆ. ಸಂಪು, ಸಿಂಟೆಕ್ಸ್ ತೊಳ್ಸೋದು ಮರೀಬೇಡಿ.

7. ಈಗ ಬಣ್ಣ, ಕ್ಲೀನಿಂಗು

ಒಳಗೆ ತಿಳಿ ಬಣ್ಣ, ಎಲ್ಲಾ ರೂಮಿಗೂ ಒಂದೇ, ಅಷ್ಟೇ ಸಾಕು. ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗು ಹೊಸದಾಗಿ ಹಾಕ್ಸಬೇಡಿ, ಕೊಳ್ಳೋರಿಗೆ ಅವ್ರದ್ದೇ ರುಚಿ ಇರತ್ತೆ. ಅದ್ರ ಬದ್ಲು ಸದ್ದು ಮಾಡೋ ಬಾಗಿಲ ಕೀಲಿಗೆ ಎಣ್ಣೆ, ಸೋರೋ ನಲ್ಲಿಗೆ ವಾಷರ್, ಉರಿಯದ ಬಲ್ಬು, ಒಡೆದ ಸ್ವಿಚ್ಚು, ಹರಿದ ಸೊಳ್ಳೆ ಮೆಶ್ಶು, ಇವನ್ನ ಒಂದು ಚೀಟೀಲಿ ಪಟ್ಟಿ ಮಾಡಿ ಒಂದೇ ದಿನ ಪ್ಲಂಬರ್, ಎಲೆಕ್ಟ್ರಿಷಿಯನ್ ಕರೆಸಿ ಮುಗ್ಸಿ.

ಬೋರ್ ನೀರಿನ ಉಪ್ಪಿಗೆ ನಲ್ಲಿ, ಟೈಲ್ಸ್ ಮೇಲೆ ಬಿಳಿ ಕರೆ ಕಟ್ಟಿರತ್ತೆ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದ್ರೆ ಸ್ಟೀಲ್ ನಲ್ಲಿ ಹೊಳೆಯತ್ತೆ. ಮಾರ್ಬಲ್ಲು, ಮೊಸಾಯಿಕ್ ನೆಲಕ್ಕೆ ಮಾತ್ರ ವಿನೆಗರ್ರೂ ಬೇಡ, ಆಸಿಡ್ಡೂ ಬೇಡ, ಕಲ್ಲಿನ ಹೊಳಪೇ ತಿಂದುಬಿಡತ್ತೆ, ಪಾಲಿಶ್ ಮಾಡೋರನ್ನ ಕರೆಸಿ. ಹಳೇ ರೆಡ್ ಆಕ್ಸೈಡ್ ನೆಲ ಇದ್ರೆ ಅದನ್ನ ಟೈಲ್ಸ್ ಹಾಕಿ ಮುಚ್ಚಬೇಡಿ ದಯವಿಟ್ಟು, ಚೆನ್ನಾಗಿ ಒರೆಸಿ ಒಂಚೂರು ಕೊಬ್ಬರಿ ಎಣ್ಣೆ ಬಟ್ಟೇಲಿ ತಿಕ್ಕಿ, ಅದನ್ನೇ ಹುಡುಕ್ಕೊಂಡು ಬರೋರು ಈಗ ಇದಾರೆ.

ಅಟ್ಟ ಖಾಲಿ ಮಾಡಿ. ಸಾಮಾನು ಕಮ್ಮಿ ಆದ್ರೆ ರೂಮು ದೊಡ್ಡದಾಗಿ ಕಾಣತ್ತೆ, ಹೇಗೂ ಪ್ಯಾಕ್ ಮಾಡ್ಲೇಬೇಕಲ್ವಾ.

8. ಬಾಡಿಗೆಗೆ ಕೊಟ್ಟಿದ್ರೆ

ಬಾಡಿಗೆದಾರರಿಗೆ ಮೊದ್ಲೇ ತಿಳಿಸಿ, ಕರಾರಲ್ಲಿರೋ ನೋಟಿಸ್ ಅವಧಿ ಕೊಡಿ. ಲೀಸಿಗೆ ಕೊಟ್ಟಿದ್ರೆ, ಅಂದ್ರೆ ತಿಂಗಳ ಬಾಡಿಗೆ ಬದ್ಲು ಒಂದೇ ಇಡುಗಂಟು ತಗೊಂಡು ಭೋಗ್ಯಕ್ಕೆ ಹಾಕಿದ್ರೆ, ಆ ದುಡ್ಡು ವಾಪಸ್ ಕೊಡೋಕೆ ಎಲ್ಲಿಂದ ತರ್ತೀರಿ ಅಂತ ಮೊದ್ಲೇ ಯೋಚ್ನೆ ಮಾಡಿ. ಕೊಳ್ಳೋರ ಅಡ್ವಾನ್ಸಲ್ಲಿ ಲೀಸ್ ತೀರ್ಸೋದಾದ್ರೆ ಅದನ್ನ ಅಗ್ರಿಮೆಂಟಲ್ಲಿ ಬರೆಸಿ. ಬಾಡಿಗೆದಾರರು ಮನೇಲಿರುವಾಗ್ಲೇ ತೋರ್ಸ್ಬೇಕಂದ್ರೆ ಫೋನ್ ಮಾಡಿ ಟೈಮ್ ಕೇಳ್ಕೊಂಡು ಹೋಗಿ.

9. ರೇಟು

ಪಕ್ಕದ್ಮನೆಯವ್ರು "ನಮ್ದು ಇಷ್ಟಕ್ಕೆ ಕೇಳಿದ್ರು" ಅಂದಿದ್ದನ್ನ ಲೆಕ್ಕಕ್ಕೆ ತಗೋಬೇಡಿ, ಕೇಳಿದ್ದು ಬೇರೆ ಕೊಟ್ಟಿದ್ದು ಬೇರೆ. ಅದೇ ಬೀದೀಲಿ, ಅದೇ ಅಳತೇಲಿ ನಿಜವಾಗಿ ಮಾರಾಟ ಆಗಿದ್ದು ವಿಚಾರಿಸಿ, ಎರಡು ಮೂರು ಬ್ರೋಕರ್ ಹತ್ರ ಬೇರೆ ಬೇರೆಯಾಗಿ ಕೇಳಿ. ಗೈಡೆನ್ಸ್ ವ್ಯಾಲ್ಯೂ ಕಾವೇರಿ ವೆಬ್‌ಸೈಟಲ್ಲಿ ನೋಡಿ, ಅದಕ್ಕಿಂತ ಕಮ್ಮಿಗೆ ಮಾರಿದ್ರೂ ಸ್ಟಾಂಪ್ ಡ್ಯೂಟಿ ಆ ಲೆಕ್ಕಕ್ಕೇ ಬೀಳತ್ತೆ. ರಿಜಿಸ್ಟ್ರೇಶನ್ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದಿದ್ದು ಶೇ. 2 ಆಗಿದೆ, ಇದನ್ನ ಕಟ್ಟೋದು ಕೊಳ್ಳೋರೇ ಆದ್ರೂ ಚೌಕಾಸಿ ಮಾಡೋವಾಗ ಅವ್ರು ಇದನ್ನ ಮುಂದಿಡ್ತಾರೆ, ನಿಮ್ಗೂ ಗೊತ್ತಿರ್ಲಿ.

ಅರ್ಧ ಕ್ಯಾಶ್ ಕೊಡ್ತೀವಿ ಅನ್ನೋರಿಗೆ ಆಗಲ್ಲ ಅನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋ ಹಾಗಿಲ್ಲ, ತಗೊಂಡಷ್ಟೇ ದಂಡ ಬೀಳತ್ತೆ.

10. ತೋರ್ಸೋದು

ಫೋಟೋ ಬೆಳಿಗ್ಗೆ ಬೆಳಕಲ್ಲಿ ತೆಗೀರಿ, ಮಕ್ಕಳ ಫೋಟೋ, ಬೀರು, ಪತ್ರಗಳು ಫ್ರೇಮಲ್ಲಿ ಬರೋದು ಬೇಡ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಡ್ವಾನ್ಸ್ ಕೊಡೋಕೆ ಜನ ಹಿಂದೇಟು ಹಾಕ್ತಾರೆ, ನೋಡೋಕೆ ಬರ್ತಾರೆ ಅಷ್ಟೇ, ಅದಕ್ಕೆ ಬೇಜಾರಾಗಿ ರೇಟು ಇಳಿಸ್ಬೇಡಿ. ಯುಗಾದಿ ಆದ್ಮೇಲೆ, ಶ್ರಾವಣದಿಂದ ಗಣೇಶನ ಹಬ್ಬದವರೆಗೆ, ದಸರಾದಿಂದ ದೀಪಾವಳಿವರೆಗೆ ಓಡಾಟ ಜಾಸ್ತಿ. ವಾಸ್ತು ಕೇಳೇ ಕೇಳ್ತಾರೆ, ಬಾಗಿಲು ಯಾವ ದಿಕ್ಕಿಗೆ, ಈಶಾನ್ಯದಲ್ಲಿ ಏನಿದೆ ಅಂತ, ಇದ್ದಿದ್ದು ಇದ್ದ ಹಾಗೆ ಹೇಳಿ. ಪ್ಲಾನಲ್ಲಿ ಇಲ್ಲದ ಫ್ಲೋರ್ ಕಟ್ಸಿದ್ರೆ ಅದನ್ನೂ ಹೇಳಿ, ಬ್ಯಾಂಕಿನ ವ್ಯಾಲ್ಯೂಯರ್ ಬಂದು ಅಳತೆ ಮಾಡೋವಾಗ ಹೇಗೂ ಗೊತ್ತಾಗತ್ತೆ.

ಬ್ರೋಕರ್ ಆದ್ರೆ ಕಮಿಷನ್ ಸಾಮಾನ್ಯವಾಗಿ ಶೇ. 1ರಿಂದ 2, ಮೊದ್ಲೇ ಬರವಣಿಗೇಲಿ ಮಾತಾಡಿ. ಒರಿಜಿನಲ್ ಪತ್ರ ಯಾರ ಕೈಗೂ ಕೊಡ್ಬೇಡಿ. ಜೆರಾಕ್ಸ್ ಕೊಡೋವಾಗ್ಲೂ ಪ್ರತಿ ಹಾಳೆ ಮೇಲೆ ಅಡ್ಡಡ್ಡ "ಪರಿಶೀಲನೆಗೆ ಮಾತ್ರ" ಅಂತ, ತಗೊಳ್ಳೋರ ಹೆಸರು, ತಾರೀಖು ಬರೆದು ಕೊಡಿ. "ನಿಮ್ಗ್ಯಾಕೆ ಓಡಾಟ ಸಾರ್, ಜಿಪಿಎ ಮಾಡ್ಕೊಡಿ ನಾನೇ ನೋಡ್ಕೋತೀನಿ" ಅನ್ನೋರಿಗೆ ಅಲ್ಲೇ ಕೈ ಮುಗೀರಿ, ಜಿಪಿಎ ಅಂದ್ರೆ ನಿಮ್ಮ ಪರವಾಗಿ ಎಲ್ಲಾ ಮಾಡೋಕೆ ಕೊಡೋ ಅಧಿಕಾರ ಪತ್ರ.

11. ಅಡ್ವಾನ್ಸಿಂದ ಬೀಗದ ಕೈವರೆಗೆ

ಟೋಕನ್ ತಗೊಂಡ ಮೇಲೆ ಕ್ರಯದ ಕರಾರು ಲಾಯರ್ ಕೈಲಿ ಬರೆಸಿ. ಪೂರ್ತಿ ದುಡ್ಡು ಯಾವತ್ತಿಗೆ, ಸಾಲ ಸಿಗ್ದಿದ್ರೆ ಅಡ್ವಾನ್ಸ್ ಏನಾಗತ್ತೆ, ಮನೆ ಯಾವತ್ತು ಖಾಲಿ, ಫ್ಯಾನು ಗೀಸರ್ ಯುಪಿಎಸ್ ಯಾವ್ದು ಬಿಟ್ಟು ಹೋಗ್ತೀರಿ, ಎಲ್ಲಾ ಬರೀಲಿ.

ಬೆಲೆ 50 ಲಕ್ಷ ಅಥವಾ ಮೇಲಿದ್ರೆ ಕೊಳ್ಳೋರು ಶೇ. 1 ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ತೆರಿಗೆ) ಹಿಡಿದು ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಬೇಕು. ನಿಮ್ಮ ಪ್ಯಾನ್ ಆಧಾರಿಗೆ ಲಿಂಕ್ ಆಗ್ದೆ ನಿಷ್ಕ್ರಿಯ ಆಗಿದ್ರೆ ಅದೇ ಶೇ. 20 ಆಗತ್ತೆ, ಈಗ್ಲೇ ಚೆಕ್ ಮಾಡಿ. ಮಾರೋರು ವಿದೇಶದಲ್ಲಿ ನೆಲೆಸಿದೋರಾದ್ರೆ ಲೆಕ್ಕ ಬೇರೆ, ಆಡಿಟರ್ ಹತ್ರ ಹೋಗ್ಲೇಬೇಕು.

ಮನೆ ನಿಮ್ಮ ಹತ್ರ 24 ತಿಂಗಳಿಗಿಂತ ಜಾಸ್ತಿ ಇದ್ದಿದ್ರೆ ಲಾಭದ ಮೇಲೆ ತೆರಿಗೆ ಶೇ. 12.5. 2024ರ ಜುಲೈ 23ಕ್ಕೆ ಮುಂಚೆ ತಗೊಂಡ ಮನೆ ಆದ್ರೆ, ಇಲ್ಲೇ ವಾಸ ಇರೋರು ಹಣದುಬ್ಬರದ ಲೆಕ್ಕ ಹಾಕಿ ಶೇ. 20 ಅನ್ನೋದನ್ನೂ ಹೋಲಿಸಿ ಯಾವ್ದು ಕಮ್ಮಿನೋ ಅದನ್ನ ಕಟ್ಬಹುದು. ಆ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡ್ರೆ, ಇಲ್ಲಾ ಮೂರು ವರ್ಷದೊಳಗೆ ಕಟ್ಸಿದ್ರೆ ವಿನಾಯ್ತಿ ಇದೆ. ಮೇಲೆ ಫ್ಲೋರ್ ಕಟ್ಸಿದ ಖರ್ಚು, ಬ್ರೋಕರ್ ಕಮಿಷನ್ ಲಾಭದಿಂದ ಕಳೆಯತ್ತೆ, ಬಣ್ಣ ಬಳ್ಸಿದ್ದು ಕಳೆಯಲ್ಲ, ಬಿಲ್ಲುಗಳನ್ನ ಎತ್ತಿಡಿ.

ರಿಜಿಸ್ಟ್ರೇಶನ್ ದಿನ ಸಹಿ ಹಾಕೋಕೆ ಮುಂಚೆ ದುಡ್ಡು ಅಕೌಂಟಿಗೆ ಬಂದಿದ್ಯಾ, ಡಿಡಿ ಆದ್ರೆ ಬ್ಯಾಂಕಿಗೆ ಫೋನ್ ಮಾಡಿ ಅಸಲಿನಾ ಅಂತ ನೋಡಿ. ಬೀಗದ ಕೈ ಕೊಡೋ ದಿನ ಕರೆಂಟ್ ಮೀಟರು, ನೀರಿನ ಮೀಟರು ಎರಡರದ್ದೂ ರೀಡಿಂಗ್ ಫೋಟೋ ತೆಗೆದು ಕೊಂಡೋರಿಗೆ ವಾಟ್ಸಾಪ್ ಮಾಡಿ, ಅವತ್ತಿನವರೆಗಿನ ಬಿಲ್ ಕಟ್ಟಿ. ಬೆಸ್ಕಾಂ, ಜಲಮಂಡಳಿ ಅಕೌಂಟ್ ಅವ್ರ ಹೆಸರಿಗೆ ಬದಲಾಯಿಸ್ಕೊಳ್ಳೋಕೆ ಬೇಕಾದ ಪತ್ರಕ್ಕೆ ಅಲ್ಲೇ ಸಹಿ ಹಾಕಿ ಕೊಟ್ಬಿಡಿ, ಕರೆಂಟ್ ಡೆಪಾಸಿಟ್ ಯಾರಿಗೆ ಅನ್ನೋದನ್ನೂ ಅದ್ರಲ್ಲೇ ಬರೀರಿ. ರಿಜಿಸ್ಟರ್ ಆದ ಕ್ರಯಪತ್ರದ ಒಂದು ನಕಲು ನಿಮ್ಮ ಹತ್ರ ಇಟ್ಕೊಳ್ಳಿ, ಮುಂದಿನ ವರ್ಷ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಹಾಕೋವಾಗ ಬೇಕಾಗತ್ತೆ.